ಸುಮಂಗಲಾಳ ಬೆರಳು, ನನ್ನ ರಿಪೇರಿ

ಕೆಟ್ಟ ಯಂತ್ರವನ್ನು ಬದಲಿಸುವವನು ಬರೀ ಗಿರಾಕಿ, ರಿಪೇರಿ ಮಾಡಿಸಿ ಉಳಿಸಿಕೊಳ್ಳುವವನೇ ನಿಜವಾದ ಸಂಗ್ರಾಹಕ! ಹೀಗೆಂದು ನಾನು ನಿವೃತ್ತಿಯ ದಿನ, ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು, ಆಫೀಸಿನ ಮಂದಿಯೆದುರು ಘೋಷಿಸಿದ್ದೆ. ಚಪ್ಪಾಳೆಯೂ ಬಿದ್ದಿತ್ತು. ಅದೇ ಗಳಿಗೆಗೆ ಬಾಗಿಲಲ್ಲಿ ಸಮೋಸಾದ ತಟ್ಟೆಗಳೂ ಕಾಣಿಸಿಕೊಂಡಿದ್ದರಿಂದ ಚಪ್ಪಾಳೆ ಯಾರಿಗೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಾನು ಮಾತ್ರ ನನಗೇ ಎಂದು ನಂಬಿ ಮನೆಗೆ ಬಂದೆ.

ನನ್ನ ಹೆಸರು ಯಶವಂತ. ನಮ್ಮದು ರಾಯಚೂರು ಕಡೆಯ ಮನೆತನ. ಅಜ್ಜನ ಕಾಲಕ್ಕೇ ಸರ್ಕಾರಿ ನೌಕರಿ ಹಿಡಿದು ಹೈದರಾಬಾದಿಗೆ ಬಂದವರು ನಾವು. ನಾನೂ ಅದೇ ಜಾಡಿನಲ್ಲಿ ಒಂದು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಕೂತು ಎದ್ದವನು. ಹಿಮಾಯತ್‌ನಗರದ ಹಳೆಯ ಕಟ್ಟಡವೊಂದರಲ್ಲಿ, ಎರಡನೇ ಮಹಡಿಯ ಮೇಲೆ, ನಮ್ಮದು ಎರಡು ಖೋಲಿಯ ಮನೆ. ಒಂದರಲ್ಲಿ ನಾನು ಮತ್ತು ಹೆಂಡತಿ ಸುಮಂಗಲಾ ಇದ್ದೇವೆ. ಗಾಳಿ ಬೆಳಕು ಚೆನ್ನಾಗಿರುವ ಇನ್ನೊಂದರಲ್ಲಿ ನಾನು ಕೂಡಿಟ್ಟ ಹಳೆಯ ಕಂಪ್ಯೂಟರುಗಳಿವೆ.

ನಾನು ಅದನ್ನು ಮ್ಯೂಸಿಯಂ ಎನ್ನುತ್ತೇನೆ. ಸುಮಂಗಲಾ ಬೇರೆ ಹೆಸರಿಟ್ಟಿದ್ದಾಳೆ.

“ಇದು ಶವಾಗಾರ ಐತ್ರಿ. ಇದರಾಗ ಒಂದರ ಉಸಿರಾಡ್ತೈತೇನು?”

“ಒಂದು ಆಡ್ತೈತಿ,” ಎಂದೆ.

ಸುಳ್ಳಲ್ಲ. ಹಸಿರು ಪರದೆಯ ಒಂದು ಕಂಪ್ಯೂಟರು ಗುಂಡಿ ಒತ್ತಿದರೆ ಗೊರಗೊರ ಅಂದು, ಕೆಮ್ಮಿ, ಕಣ್ಣು ಬಿಡುತ್ತಿತ್ತು. ಕಚೇರಿಯವರು ಹರಾಜು ಹಾಕಿದಾಗ ಹೊತ್ತು ತಂದದ್ದು. ಸುಮಂಗಲಾ ಅದೇ ಕಚೇರಿಯಲ್ಲಿ ಡಾಟಾ ಎಂಟ್ರಿ ಆಪರೇಟರ್ ಆಗಿದ್ದವಳು. ಅಂಥದೇ ಯಂತ್ರದೆದುರು ಕೂತು, ಅಂಥದೇ ದಪ್ಪ ಕೀಗಳನ್ನು ಕಟಕಟ ಬಡಿದು, ವರ್ಷಗಟ್ಟಲೆ ಸಂಬಳ ತಂದವಳು. ಉಳಿದ ಕಂಪ್ಯೂಟರುಗಳೆಲ್ಲ ರಿಪೇರಿಯ ಸರದಿಯಲ್ಲಿದ್ದವು. ಸರದಿ ಮಾತ್ರ ಮುಂದಕ್ಕೆ ಸರಿಯುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಸುಮಂಗಲಾಗೆ ಲಕ್ವಾ ಹೊಡೆಯಿತು. ಸಣ್ಣದು ಎಂದರು ಡಾಕ್ಟರು. ಕಾಲು ಉಳಿಯಿತು. ಮಾತು ಉಳಿಯಿತು, ಅದು ಉಳಿದೇ ಉಳಿಯುತ್ತದೆಂಬ ಭರವಸೆ ನನಗೆ ಮೊದಲಿನಿಂದ ಇತ್ತು. ಬಲಗೈಯ ಬೆರಳುಗಳು ಮಾತ್ರ ಒಳಕ್ಕೆ ಮಡಚಿಕೊಂಡು, ಯಾರ ಮಾತನ್ನೂ ಕೇಳದೆ ಕೂತುಬಿಟ್ಟವು. ಆಸ್ಪತ್ರೆಯವರು ಹಿಚುಕಲಿಕ್ಕೆಂದು ಒಂದು ರಬ್ಬರ್ ಚೆಂಡು ಕೊಟ್ಟು ಕಳಿಸಿದರು. ಅವಳು ಅದನ್ನು ದಿಟ್ಟಿಸಿ ನೋಡಿ ಮಂಚದ ಕೆಳಗೆ ಉರುಳಿಸಿದಳು.

“ನಾ ಏನ್ ಸಣ್ಣ ಕೂಸೇನ್ರಿ, ಚೆಂಡು ಆಡಾಕ?”

ಆಮೇಲೆ ಅವಳು ಚೆಂಡನ್ನೂ ಕೇಳಲಿಲ್ಲ, ನನ್ನನ್ನೂ ಏನೂ ಕೇಳಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಉಂಡು, ಎಡಗೈಯಲ್ಲೇ ಬಾಯಿ ಒರೆಸಿಕೊಂಡು, ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ಜಡೆಯನ್ನು ನಾನು ಹೆಣೆಯುತ್ತಿದ್ದೆ. ಅದು ಜಡೆಗಿಂತ ಹೆಚ್ಚಾಗಿ ಕೇಬಲ್ ಸುತ್ತಿದ ಹಾಗೆ ಕಾಣುತ್ತಿತ್ತು. ಅವಳು ಅದಕ್ಕೂ ಬೈಯಲಿಲ್ಲ. ಬೈಯದ ಸುಮಂಗಲಾಳನ್ನು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ನಾನು ಹಸಿರು ಪರದೆಯದನ್ನು ಚಾಲೂ ಮಾಡಿ ಧೂಳು ಒರೆಸುತ್ತಿದ್ದೆ. ಅವಳು ಮೆಲ್ಲಗೆ ಬಂದು ಅದರೆದುರು ಕೂತಳು. ಎಡಗೈಯಿಂದ ಬಲಗೈಯನ್ನು ಎತ್ತಿ ಕೀಬೋರ್ಡಿನ ಅಂಕಿಗಳ ಮೇಲಿಟ್ಟಳು.

“ಒಂದು ನಂಬರ್ ಹೇಳ್ರಿ,” ಎಂದಳು.

ಕೈಗೆ ಸಿಕ್ಕಿದ್ದು ಹಳೆಯ ಟೆಲಿಫೋನ್ ಡೈರೆಕ್ಟರಿ. ಅದರಿಂದಲೇ ಒಂದು ನಂಬರು ಓದಿದೆ. ಅವಳು ಹಲ್ಲು ಕಚ್ಚಿದಳು. ಬಹಳ ಹೊತ್ತಿನ ಮೇಲೆ ತೋರುಬೆರಳು ಇಳಿಯಿತು. ಕಟಕ್. ಪರದೆಯ ಮೇಲೆ ಒಂದು ಹಸಿರು ಅಂಕಿ ಮೂಡಿತು. ಇಬ್ಬರೂ ಅದನ್ನು ನೋಡುತ್ತ ಕೂತೆವು.

ಅಂದಿನಿಂದ ದಿನಾ ಮಧ್ಯಾಹ್ನ ನಮ್ಮ ಕಚೇರಿ ಶುರುವಾಯಿತು. ನಾನು ಓದುವುದು, ಅವಳು ಒತ್ತುವುದು. ಆ ಡೈರೆಕ್ಟರಿಯೊಳಗಿನ ಅರ್ಧ ಜನ ತೀರಿಹೋಗಿದ್ದಾರೆ, ನಂಬರುಗಳಂತೂ ಎಲ್ಲವೂ ತೀರಿಹೋಗಿವೆ. ಆದರೆ ಸುಮಂಗಲಾಳ ಬೆರಳುಗಳು ಒಂದೊಂದಾಗಿ ಎದ್ದು ಬರತೊಡಗಿದವು. ನಾನು ತಪ್ಪಿ ಓದಿದರೆ ಬೈಯತೊಡಗಿದಳು. ಬೇಕೆಂತಲೇ ತಪ್ಪು ಓದಿದ್ದೂ ಉಂಟು. ಚಮಚ ಬಲಗೈಗೆ ಬಂತು. ಇನ್ನು ಜಡೆಯ ಕೆಲಸವೂ ನನ್ನ ಕೈಯಿಂದ ಹೋಗುತ್ತದೆ ಎಂದು ನಾನು ಹಿಗ್ಗುತ್ತಿದ್ದಾಗಲೇ ಆ ಯಂತ್ರ ಸತ್ತಿತು.

ಗುಂಡಿ ಒತ್ತಿದೆ, ಒಳಗೆ ಢಮ್ ಎಂದಿತು, ಹಿಂಬದಿಯಿಂದ ಹೊಗೆ ಬಂತು. ಮೀನನ್ನೂ ಟೈರನ್ನೂ ಒಟ್ಟಿಗೆ ಸುಟ್ಟ ವಾಸನೆ. ಸುಮಂಗಲಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು.

“ಹೋತೇನ್ರಿ?”

“ಏನೂ ಆಗಿಲ್ಲ. ಪವರ್ ಸಪ್ಲೈ ಅಷ್ಟ. ರಿಪೇರಿ ಮಾಡ್ತೀನಿ.”

“ಬ್ಯಾರೆ ಯಾವುದರ ಒಂದು ತರ್ರಿ. ನನಗ ಒತ್ತಾಕ ಏನರ ಇದ್ರ ಸಾಕು.”

ಬೇರೆ ತರುವುದೆ? ಬದಲಿಸುವುದೆ? ನನ್ನೊಳಗಿನ ಸಂಗ್ರಾಹಕ ಎದ್ದು ನಿಂತ! ಈಗಿನ ಕೀಬೋರ್ಡುಗಳೆಲ್ಲ ಹಪ್ಪಳದಷ್ಟು ಚಪ್ಪಟೆ, ಅವುಗಳಲ್ಲಿ ಬೆರಳು ಇಳಿಯುವುದಿಲ್ಲ, ಏಳುವುದಿಲ್ಲ, ಸ್ಪ್ರಿಂಗಿನ ಕೀಗೆ ಇರುವ ಮರ್ಯಾದೆ ಅವಕ್ಕಿಲ್ಲ ಎಂದು ದೊಡ್ಡ ಭಾಷಣ ಬಿಗಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ನೀವು ಎದುರಿಗೆ ಕುಂತು ನಂಬರ್ ಹೇಳ್ರಿ. ನಾ ರೊಟ್ಟಿ ಹಂಚಿನ ಮ್ಯಾಲರ ಒತ್ತೇನು,” ಎಂದಳು.

ಈ ಮಾತು ನನ್ನ ಕಿವಿಗೆ ಬಿತ್ತು, ಒಳಗೆ ಹೋಗಲಿಲ್ಲ. ನಾನಾಗಲೇ ಸ್ಕ್ರೂ ಡ್ರೈವರ್ ಹುಡುಕುತ್ತಿದ್ದೆ.

ಮೊದಲ ರಿಪೇರಿ ನನ್ನ ಕೈಯಿಂದಲೇ ಆಯಿತು. ಒಳಗಿನ ಬೋರ್ಡನ್ನು ಬಿಚ್ಚಿ, ಬ್ಯಾಟರಿ ಸೋರಿದ ಜಾಗವನ್ನು ವಿನೆಗರಿನಿಂದ ತೊಳೆದು, ಮಾಳಿಗೆಯ ಮೇಲೆ ಒಣಹಾಕಿದೆ. ಅದರ ಪಕ್ಕದಲ್ಲೇ ಒಣಹಾಕಿದ್ದ ಎದುರುಮನೆಯ ಗುಂಡಮ್ಮನವರ ಸಂಡಿಗೆಗೆ ಬಂದ ಕಾಗೆ ನನ್ನ ಬೋರ್ಡಿನ ಒಂದು ತುಂಡನ್ನೂ ಎತ್ತಿಕೊಂಡು ಹೋಯಿತು. ಹೋದ ತುಂಡು ಯಾವುದೆಂದು ಗೊತ್ತಾಗದ್ದರಿಂದ ಅದು ಅಷ್ಟೇನೂ ಮುಖ್ಯವಲ್ಲ ಎಂದು ತೀರ್ಮಾನಿಸಿದೆ. ಸುಟ್ಟ ಫ್ಯೂಸಿಗೆ ಒಂದು ತಂತಿಯೆಳೆ ಸುತ್ತಿ, ದೇವರಿಗೆ ಕೈಮುಗಿದು, ಗುಂಡಿ ಒತ್ತಿದೆ. ಇಡೀ ಮಹಡಿಯ ಕರೆಂಟು ಹೋಯಿತು!

ಎದುರುಮನೆಯ ಬಾಗಿಲು ತೆರೆಯಿತು. ಗುಂಡಮ್ಮ ಬೀದರ ಕಡೆಯ ಹಿರಿಯ ಹೆಂಗಸು, ನನ್ನನ್ನು ಹೆಸರು ಹಿಡಿದೇ ಕರೆಯುವವರು.

“ಯಶವಂತಪ್ಪಾ, ಏನ್ ಮಾಡಿದ್ಯೋ? ಸೀರಿಯಲ್‌ನಾಗ ಆ ಸೊಸಿ ಈಗಷ್ಟ ಬಾಯಿ ತೆಗದಿದ್ಲು.”

“ರಿಪೇರಿ ಮಾಡಾಕತ್ತಿದ್ದೆ, ಗುಂಡಮ್ಮಾರ.”

“ಯಾರ್ನ?” ಎಂದರು ಅವರು, ಕತ್ತಲಲ್ಲಿ.

ಎರಡನೇ ರಿಪೇರಿಗೆ ಯಂತ್ರ, ಕೀಬೋರ್ಡು ಎರಡನ್ನೂ ಹೊತ್ತುಕೊಂಡು ನಾಚಾರಂ ಬಡಾವಣೆ ಹುಡುಕಿಕೊಂಡು ಹೋದೆ. ಅಲ್ಲಿ ವಿನಾಯಕ ಎಂಬಾತ ಕಾರ್ಖಾನೆಗಳ ಪವರ್ ಸಪ್ಲೈ ರಿಪೇರಿ ಮಾಡುವ ಸಣ್ಣ ಶೆಡ್ ಇಟ್ಟುಕೊಂಡಿದ್ದ. ತೆಲುಗಿನವನು, ಸದಾ ನಗುಮುಖ. ನನ್ನ ಯಂತ್ರವನ್ನು ನೋಡಿ ಕಾಲಿಗೆ ಬೀಳುವವನಂತೆ ಬಗ್ಗಿದ. ಕೆಳಗೆ ಬಿದ್ದ ಸ್ಕ್ರೂ ಎತ್ತಿಕೊಳ್ಳಲು ಎಂದು ಆಮೇಲೆ ತಿಳಿಯಿತು.

ಇಲ್ಲಿ ನನ್ನ ತೆಲುಗಿನ ಬಗ್ಗೆ ಹೇಳಬೇಕು. ನಮ್ಮ ಮನೆತನದ ಹೈದರಾಬಾದು ಉರ್ದುವಿನದು. ಆಟೋ, ಅಂಗಡಿ, ಆಫೀಸು, ಜಗಳ ಎಲ್ಲವೂ ಇಲ್ಲಿನ ದಖನಿ ಉರ್ದುವಿನಲ್ಲೇ ಮುಗಿದುಹೋಗುತ್ತಿದ್ದವು. ತೆಲುಗು ಬೇಕಾದಾಗ ಸುಮಂಗಲಾ ಮಾತಾಡುತ್ತಿದ್ದಳು, ಅವಳಿಗೆ ಅದು ಹೂವು ಎತ್ತಿದ ಹಾಗೆ ಬರುತ್ತದೆ. ನನ್ನ ಪದ್ಧತಿ ಬೇರೆ. ಕನ್ನಡದ ಪದ ತೆಗೆದುಕೊಳ್ಳುವುದು, ಹಿಂದೆ ಒಂದು ‘ಲು’ ಅಂಟಿಸುವುದು, ಕೊನೆಗೊಂದು ‘ಅಂಡಿ’ ಹಚ್ಚುವುದು. ಈ ಪದ್ಧತಿಯಿಂದ ಅನೇಕರು ನನ್ನ ಜೊತೆ ಮಾತು ನಿಲ್ಲಿಸಿದ್ದಾರೆ.

“ಆ ವಿನಾಯಕನ ಕೂಡ ಹಿಂದಿಯಾಗ ಮಾತಾಡ್ರಿ. ಇಲ್ಲಂದ್ರ ಫೋನ್ ನನ್ನ ಕೈಯಾಗ ಕೊಡ್ರಿ,” ಎಂದಳು ಸುಮಂಗಲಾ.

“ತೆಲುಗು ರಾಜ್ಯದಾಗ ತೆಲುಗ ಮಾತಾಡಾಂವ ನಾನು.”

ದಿನಾ ನಾಚಾರಂಗೆ ಹೋಗತೊಡಗಿದೆ. ವಿನಾಯಕನ ಹೆಗಲ ಹಿಂದೆ ನಿಂತು ಉಸಿರು ಬಿಡುವುದು, ಅವನು ಬೇಡವೆಂದ ಪಾರ್ಟುಗಳನ್ನು ಊರೆಲ್ಲ ತಿರುಗಿ ತರುವುದು. ನಾಂಪಲ್ಲಿಯಲ್ಲಿ ಯಾರ ಹತ್ತಿರವೋ ಅಂಥದೇ ಟ್ರಾನ್ಸ್‌ಫಾರ್ಮರ್ ಇದೆಯೆಂದು ಕೇಳಿ ಅಲ್ಲಿಗೂ ಓಡಿದೆ. ಆತ ತೋರಿಸಿದ್ದು ಇಸ್ತ್ರಿ ಪೆಟ್ಟಿಗೆ.

ಮನೆಯಲ್ಲಿ ಮಧ್ಯಾಹ್ನದ ಕಚೇರಿ ಬಂದ್ ಆಗಿತ್ತು. ಸುಮಂಗಲಾಳ ಬೆರಳುಗಳು ಮತ್ತೆ ಒಳಕ್ಕೆ ಸರಿಯುತ್ತಿದ್ದವು. ಒಂದು ದಿನ ಬೆಳಿಗ್ಗೆ ಚಮಚ ಅವಳ ಬಲಗೈಯಿಂದ ಜಾರಿ ಉಪ್ಪಿಟ್ಟಿನ ತಟ್ಟೆಗೆ ಬಿತ್ತು. ಅವಳು ಅದನ್ನು ಎಡಗೈಗೆ ತೆಗೆದುಕೊಂಡಳು. ನಾನು ನೋಡದವನಂತೆ ಚಪ್ಪಲಿ ಮೆಟ್ಟಿಕೊಂಡೆ. ನೋಡಲಿಕ್ಕೆ ನನ್ನಿಂದಾಗುತ್ತಿರಲಿಲ್ಲ. ಆ ಕೈ ಇನ್ನು ಏಳದೇ ಹೋದರೆ ಎಂಬ ಹೆದರಿಕೆ ಮನೆಯೊಳಗಿದ್ದಷ್ಟು ಹೊತ್ತೂ ಎದೆಯ ಮೇಲೆ ಕೂತಿರುತ್ತಿತ್ತು. ನಾಚಾರಂನಲ್ಲಿ ಅದು ಸ್ವಲ್ಪ ಕೆಳಗಿಳಿಯುತ್ತಿತ್ತು.

“ಇವತ್ತೊಂದಿನ ಮನ್ಯಾಗ ಇರ್ರಿ,” ಎಂದಳು.

“ನಿನ್ನ ಸಲುವಾಗೇ ಓಡ್ಯಾಡಾಕತ್ತೀನಿ, ಸುಮಂಗಲಾ. ಇನ್ನೇನು ಆಗಿಬಿಡ್ತೈತಿ.”

“ಹೌದ್ರಿ. ನಿಮ್ಮ ಓಡ್ಯಾಟ ಭಾಳ ಚಲೋ ಆಗಾಕತ್ತೈತಿ,” ಎಂದು ಕಿಟಕಿಯ ಕಡೆ ತಿರುಗಿದಳು.

ಅದಾದ ಸ್ವಲ್ಪ ದಿನಕ್ಕೆ ನಾನು ಹಿಮಾಯತ್‌ನಗರದ ದೊಡ್ಡ ರಸ್ತೆಯಲ್ಲಿ, ಸೀರೆ ಅಂಗಡಿಯೊಂದರ ಮುಂದೆ ನಿಂತು ಆಟೋಕ್ಕೆ ಕೈ ಮಾಡುತ್ತಿದ್ದಾಗ ವಿನಾಯಕನ ಫೋನು ಬಂತು. ಒಂದು ಕಡೆ ಬಸ್ಸಿನ ಹಾರ್ನು, ಇನ್ನೊಂದು ಕಡೆ ಸೀರೆ ಅಂಗಡಿಯ ಮೈಕು. ಯಂತ್ರ ಚಾಲೂ ಆಯಿತೆಂಬುದು ತಿಳಿಯಿತು. ಕೀಬೋರ್ಡಿನ ಬಗ್ಗೆ ಏನೋ ಹೇಳಿದ. ಆಮೇಲೆ ಕೇಳಿದ:

“ಪಾತದಿ ಅಮ್ಮೇಯಮಂಟಾರಾ?”

‘ಪಾತದಿ’ ಎಂದರೆ ಹಳೆಯದು, ಅಷ್ಟು ನನಗೆ ಗೊತ್ತು. ಮುಂದಿನದು ನನ್ನ ಕಿವಿಗೆ ಸ್ವಚ್ಛವಾಗಿ ‘ಅಮ್ಮ ಏಮಂಟಾರು’ ಎಂದು ಬಿತ್ತು. ಅಮ್ಮ ಏನಂತಾರೆ! ಆಹಾ, ಎಂಥ ಸಜ್ಜನ! ಆ ಕೀಬೋರ್ಡನ್ನು ಬಳಸುವುದು ನಮ್ಮ ಮನೆಯಾಕೆ ಎಂದು ಅವನಿಗೆ ಹೇಳಿದ್ದೆ. ಅದನ್ನು ನೆನಪಿಟ್ಟು, ಹಳೆಯ ಕೀಬೋರ್ಡಿನ ಬಗ್ಗೆ ಅಮ್ಮನವರ ಅಭಿಪ್ರಾಯ ಕೇಳುತ್ತಿದ್ದಾನೆ. ಅದನ್ನೇ ತೊಳೆದು ಕೊಡಲೇ ಎಂದಿರಬೇಕು. ನಾನು ಎದೆಯುಬ್ಬಿಸಿ, ನನ್ನ ಜೀವಮಾನದ ಅತ್ಯುತ್ತಮ ತೆಲುಗಿನಲ್ಲಿ ಉತ್ತರಿಸಿದೆ:

“ಅಮ್ಮ ಸರೇ ಅಂಟಾರಂಡಿ! ವೆಂಟನೇ ಚೇಯಂಡಿ!”

ಅಮ್ಮ ಸರಿ ಅಂತಾರೆ, ಕೂಡಲೇ ಮಾಡಿ ಎಂದರ್ಥ. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಅನಾಹುತವಾದದ್ದೂ ಅದರಿಂದಲೇ.

ನಾಚಾರಂ ಮುಟ್ಟಿದಾಗ ಹಸಿರು ಪರದೆ ಬೆಳಗುತ್ತಿತ್ತು. ಅದರ ಮುಂದೆ ಹಪ್ಪಳದಂಥ ಹೊಸ ಕೀಬೋರ್ಡು ಮಲಗಿತ್ತು.

“ಪಾತದಿ ಎಲ್ಲಿಲಂಡಿ?” ಎಂದೆ. ನನ್ನ ತೆಲುಗು ಮತ್ತೆ ಮೊದಲಿನಂತಾಗಿತ್ತು.

ವಿನಾಯಕನ ನಗುಮುಖ ಮೊದಲ ಸಲ ಬಾಡಿತು. ತೆಲುಗಿನಲ್ಲಿ ಹೇಳಿ ನೋಡಿದ, ಕೈಸನ್ನೆ ಮಾಡಿ ನೋಡಿದ, ಕೊನೆಗೆ ನನ್ನ ಮೇಲೆ ಕರುಣೆ ಬಂದು ದಖನಿಗೆ ಇಳಿದ.

“ಸಾಬ್, ಪುರಾನಾ ಬೇಚ್ ದೂಂ ಕ್ಯಾ ಬೋಲ್ಕೇ ಪೂಛಾ. ಅಮ್ಮಾ ಹೌ ಬೋಲ್ತೇ ಬೋಲ್ಕೇ ಆಪೀಚ್ ಬೋಲೇ ನಾ?”

ಬೇಚ್ ದೂಂ ಕ್ಯಾ. ಮಾರಿಬಿಡಲೇ? ಅಮ್ಮ ಹೂಂ ಅಂತಾರೆ ಎಂದು ಹೇಳಿದವನೂ ನಾನೇ. ಅವನು ಕೇಳಿದ್ದು ಅಮ್ಮನನ್ನಲ್ಲ. ತೆಲುಗಿನಲ್ಲಿ ‘ಅಮ್ಮು’ ಎಂದರೆ ಮಾರು. ಇಷ್ಟು ವರ್ಷ ಈ ಊರಿನಲ್ಲಿದ್ದು, ಎಷ್ಟೋ ಅಂಗಡಿಗಳ ಮುಂದೆ ಆ ಪದವನ್ನು ಕೇಳಿಯೂ, ಅದು ನನ್ನ ತಲೆಗೆ ಹತ್ತಿರಲಿಲ್ಲ. ಕೆಲವು ಕೀಗಳು ಕೆಲಸ ಮಾಡದ್ದಕ್ಕೆ ಅವನು ಹೊಸ ಕೀಬೋರ್ಡು ಹಾಕಿದ್ದ, ಹಳೆಯದನ್ನು ಗುಜರಿಗೆ ಕೊಡಲೇ ಎಂದು ಮರ್ಯಾದೆಯಿಂದ ಕೇಳಿದ್ದ. ನಾನು ಹೆಂಡತಿಯ ಹೆಸರಿನಲ್ಲಿ ಅಪ್ಪಣೆ ಕೊಟ್ಟಿದ್ದೆ.

ಗುಜರಿಯವನ ಅಂಗಡಿ ಎರಡು ಗಲ್ಲಿ ಆಚೆ. ಇಬ್ಬರೂ ಓಡಿದೆವು. ಅವನು ಪಕ್ಕದ ಶೆಡ್ಡಿನ ಕಡೆ ಬೆರಳು ಮಾಡಿದ. ಅಲ್ಲಿ ಹಳೆಯ ಪ್ಲಾಸ್ಟಿಕ್ಕನ್ನು ಪುಡಿಮಾಡುವ ಯಂತ್ರ ಕಿವುಡಾಗುವಂತೆ ಗರ್ಜಿಸುತ್ತಿತ್ತು. ಪುಡಿಯಿಂದ ಏನು ಮಾಡುತ್ತಾರೆಂದು ಕೇಳಿದೆ. ಬಚ್ಚಲಿನ ಮಗ್ಗು ಎಂದ.

ಸುಮಂಗಲಾಳ ಬೆರಳನ್ನು ಎಬ್ಬಿಸಿದ ಕೀಗಳು ಇನ್ನು ಯಾರದೋ ಬಚ್ಚಲಿನಲ್ಲಿ ನೀರು ಮೊಗೆಯುತ್ತವೆ. ನಾನು ಆ ಪುಡಿಯ ಚೀಲದೊಳಗೆ ಬಗ್ಗಿ ನೋಡಿದೆ. ಬಣ್ಣ ನೋಡಿ ಯಾವುದು ನಮ್ಮದೆಂದು ಹೇಳುವಂತಿರಲಿಲ್ಲ.

ಯಂತ್ರವನ್ನು ಆಟೋದಲ್ಲಿ ಹಾಕಿಕೊಂಡು ಬಂದೆ. ದಾರಿಯುದ್ದಕ್ಕೂ ಸುಳ್ಳುಗಳನ್ನು ಹೊಂದಿಸಿದೆ, ಯಾವುದೂ ನಿಲ್ಲಲಿಲ್ಲ. ಮಹಡಿ ಹತ್ತಿ ಬಂದರೆ ಮನೆಗೆ ಬೀಗ.

ಕೈಯಲ್ಲಿದ್ದ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟೆ. ಬಿದ್ದಳೆ? ಯಾರಾದರೂ ಆಸ್ಪತ್ರೆಗೆ ಒಯ್ದರೋ? ಫೋನು ಮಾಡಿದೆ. ಬೀಗದ ಆಚೆ, ಮನೆಯೊಳಗೇ ಅದು ರಿಂಗಾಯಿತು. ಬೀಗ ಜಗ್ಗಿ ನೋಡಿದೆ. ಆಗ ಎದುರುಮನೆಯಿಂದ ಬೆಕ್ಕಿನ ಬಾಲ ತುಳಿದಂಥ ಸದ್ದು ಬಂತು. ಅದರ ಹಿಂದೆಯೇ ಗುಂಡಮ್ಮನವರ ದನಿ:

“ಪ... ಪ ಒತ್ತು. ಉಂಗುರದ ಬೆಳ್ಳು.”

ಬಾಗಿಲು ತಳ್ಳಿದೆ. ಚಾಪೆಯ ಮೇಲೆ ಗುಂಡಮ್ಮನವರ ಹಾರ್ಮೋನಿಯಂ. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತೇವೆ. ಒಂದು ಬದಿಗೆ ಗುಂಡಮ್ಮ ಕೂತು ಅದಕ್ಕೆ ಗಾಳಿ ತುಂಬುವ ತಿದಿ ಒತ್ತುತ್ತಿದ್ದರು. ಇನ್ನೊಂದು ಬದಿಗೆ ಸುಮಂಗಲಾ. ಅವಳ ಬಲಗೈ ಪೇಟಿಯ ಬಿಳಿ ಕೀಗಳ ಮೇಲಿತ್ತು. ಉಂಗುರದ ಬೆರಳು ನಡುಗಿತು, ತಡವರಿಸಿತು, ಇಳಿಯಿತು. ಪೇಟಿ ಕಿರುಚಿತು. ಸುಮಂಗಲಾ ನಕ್ಕಳು. ಲಕ್ವಾ ಹೊಡೆದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಖುಷಿಗಿಂತ ಮೊದಲು ಸಂಕಟವಾಯಿತು.

“ಇದು ಯಾವಾಗಿಂದ?” ಎಂದೆ.

“ಚಮಚ ಬಿತ್ತಲ್ರಿ, ಆ ಮಧ್ಯಾಹ್ನದಿಂದ. ನೀವು ನಾಚಾರಂನಾಗ ಇದ್ರಿ,” ಎಂದಳು. ಚಮಚ ಬಿದ್ದದ್ದನ್ನು ನಾನು ನೋಡಿದ್ದೆನೆಂದು ಅವಳಿಗೆ ಗೊತ್ತಿತ್ತು.

ಹೊಂದಿಸಿದ ಸುಳ್ಳುಗಳೆಲ್ಲ ಮರೆತುಹೋದವು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮೇಯಮಂಟಾರಾ ಎಂಬಲ್ಲಿಗೆ ಬಂದಾಗ ಗುಂಡಮ್ಮ ತಿದಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಮಂಗಲಾ ನಗಲಿಲ್ಲ.

“ಅಂವ ಕೇಳಿದ್ದು ಏನರ ಇರಲಿ. ನಿಮ್ಮ ಕಿವಿಗೆ ಬಿದ್ದದ್ದು ಅಮ್ಮ ಏನಂತಾರ ಅಂತ. ಹೌದಲ್ರಿ?”

“ಹೌದು.”

“ಮತ್ತ ನನಗೊಂದು ಫೋನ್ ಮಾಡಿ ಕೇಳಬೇಕಿತ್ತಲ್ಲ.”

ನಾನು ಬಾಗಿಲ ಕಡೆ ನೋಡಿದೆ. ಹೊರಗೆ ಮೆಟ್ಟಿಲ ಮೇಲೆ ಯಂತ್ರ ಅನಾಥವಾಗಿ ಕೂತಿತ್ತು. ಯಾರೂ ಅದರ ಸುದ್ದಿ ಕೇಳಲಿಲ್ಲ.

“ನಾಳಿಂದ ಮತ್ತ ಡೈರೆಕ್ಟರಿ ಓದ್ತೀನಿ. ಮನಿ ಬಿಟ್ಟು ಎಲ್ಲೂ ಹೋಗಂಗಿಲ್ಲ,” ಎಂದೆ.

“ಬ್ಯಾಡ್ರಿ. ನಿಮ್ಮನ್ನ ರಿಪೇರಿ ಮಾಡಿ ಮಾಡಿ ಸಾಕಾಗಿ ಬದಲಿ ಮಾಡೇನಿ,” ಎಂದು ಗುಂಡಮ್ಮನವರ ಕಡೆ ಗದ್ದದಿಂದಲೇ ತೋರಿಸಿದಳು. “ಇವರು ಹೇಳ್ತಾರ, ನಾ ಒತ್ತೀನಿ. ಇನ್ನೂ ಕಿರಿಬೆಳ್ಳು ಏಳವಲ್ದು. ಅದು ಎದ್ದ ಮ್ಯಾಲ ನೋಡೋಣಂತ.”

ಆ ಕಿರುಬೆರಳನ್ನು ನೋಡಿದೆ. ಅದು ಅಂಗೈಗೆ ಅಂಟಿಕೊಂಡೇ ಇತ್ತು. ನಾಚಾರಂನ ಆಟೋಗಳೆಲ್ಲ, ನಾಂಪಲ್ಲಿಯ ಇಸ್ತ್ರಿ ಪೆಟ್ಟಿಗೆಯೆಲ್ಲ ಕಣ್ಣ ಮುಂದೆ ಬಂದವು.

“ನನಗ ಏನೂ ಕೆಲಸ ಇಲ್ಲೇನು ಹಂಗಾರ?” ಎಂದೆ.

ಗುಂಡಮ್ಮ ಭುಜ ತಿಕ್ಕಿಕೊಂಡರು. “ನನ್ನ ತೋಳು ಸೋತಾವೋ ಯಪ್ಪಾ. ಪೇಟಿಗೆ ಹವಾ ಹಾಕಾಕ ಒಬ್ರು ಬೇಕಾಗೇತಿ. ಸುಮಂಗಲಾ, ಇಂವಗ ಬರ್ತೈತೇನು?”

ನಾನು ಚಪ್ಪಲಿ ಬಿಟ್ಟು, ಚಾಪೆಯ ಅಂಚಿನಲ್ಲಿ ಮೆಲ್ಲಗೆ ಕೂತು, ತಿದಿಗೆ ಕೈಯಿಟ್ಟೆ. ಸುಮಂಗಲಾ ಬೆರಳಿನಿಂದ ಕಣ್ಣು ತೆಗೆಯದೆ ಹೇಳಿದಳು:

“ಬರದೇನ್ರಿ. ಹುಟ್ಟಿದಾಗಿಂದ ಹವಾ ಮಾಡೂದೊಂದ ಅವರಿಗೆ ಚಲೋ ಬಂದದ್ದು.”